ಆರನೆಯ ಯಂತ್ರದ ಕೆಂಪು ದೀಪ

ಅಕ್ಕಾ,

ಈ ಕಾಗದವನ್ನು ಎಡಗೈಯಲ್ಲಿ ಹಿಡಿದು ಓದು. ಬಲಗೈಯ ಹೊಲಿಗೆ ಇನ್ನೂ ಹಸಿಯಾಗಿದೆಯೆಂದು ನರ್ಸಮ್ಮ ನಿನ್ನೆ ನಿನಗಿಂತ ನನ್ನನ್ನೇ ಹೆಚ್ಚು ಗದರಿದರು. ಎದುರಿಗೆ ಕುಳಿತೇ ಹೇಳಬಹುದಿತ್ತು. ಆದರೆ ನಿನ್ನ ಗಂಡನ ವಿಷಯ ಎತ್ತಿದೊಡನೆ ನೀನು ಗೋಡೆಯ ಕಡೆಗೆ ಮುಖ ತಿರುಗಿಸುತ್ತೀಯ, ನಾನು ದನಿ ಏರಿಸುತ್ತೇನೆ, ಪಕ್ಕದ ಹಾಸಿಗೆಯವರು ಕಿವಿ ನಿಮಿರಿಸುತ್ತಾರೆ. ಅರ್ಧ ಓದಿ ದಿಂಬಿನಡಿ ತುರುಕಬೇಡ, ನನ್ನಾಣೆ.

ನೀನು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ವಕೀಲರು ನನಗೆ ಓದಿ ಹೇಳಿದರು. "ಮಾತಿಗೆ ಮಾತು ಬೆಳೀತು, ಅಡುಗೆಮನೇಲಿದ್ದ ಚಾಕು ಅವರ ಕೈಗೆ ಸಿಕ್ತು, ಬೇಕು ಅಂತ ಮಾಡಿದ್ದಲ್ಲ." ಮೂವತ್ತೊಂದು ಹೊಲಿಗೆ ಹಾಕಿಸಿಕೊಂಡು ಮಲಗಿರುವವಳು ಆಡುವ ಮಾತೇ ಇದು! ಇರಿದವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ನಿನ್ನ ಮೇಲೆ ಬಂತು. ಸೋಮವಾರ ನ್ಯಾಯಾಧೀಶರ ಮುಂದೆಯೂ ನೀನು ಇದನ್ನೇ ಹೇಳಿದರೆ ಅವನು ಜಾಮೀನಿನ ಮೇಲೆ ಹೊರಬರುತ್ತಾನೆ, ಬಂದು ನಿನ್ನ ಬಾಗಿಲು ತಟ್ಟುತ್ತಾನೆ, ನೀನು ತೆರೆಯುತ್ತೀಯ. ಹತ್ತೊಂಬತ್ತು ವರ್ಷದಿಂದ ತೆರೆಯುತ್ತಲೇ ಬಂದಿದ್ದೀಯ. ಕಿರುಬೆರಳು ಮುರಿದಾಗ ಬಾಗಿಲಿಗೆ ಸಿಕ್ಕಿತು ಎಂದೆ. ಕಣ್ಣು ಕಪ್ಪಾದಾಗ ಕಪಾಟು ಬಡಿಯಿತು ಎಂದೆ. "ನಿಮ್ಮನೆ ಮರದ ಸಾಮಾನಿನಷ್ಟು ಕೆಟ್ಟ ಸಾಮಾನು ಊರಲ್ಲೇ ಇಲ್ಲ ಬಿಡು" ಎಂದು ನಾನು ಕುಟುಕಿದರೆ ನಕ್ಕುಬಿಟ್ಟೆ. ಆಗ ನಾನೂ ನಕ್ಕೆನಲ್ಲ, ಅದಕ್ಕೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಕೆಲಸವನ್ನು ನೀನು ಯಾವಾಗಲೂ ನಿಂತುಕೊಂಡೇ ನಿದ್ದೆ ಮಾಡುವ ಕೆಲಸ ಎಂದು ಛೇಡಿಸುತ್ತಿದ್ದೆ. ಗಿರಾಕಿಗಳೇ ಸಾಮಾನು ಸ್ಕ್ಯಾನ್ ಮಾಡಿ, ಹಣ ಕಟ್ಟಿ, ಚೀಲಕ್ಕೆ ತುಂಬಿಕೊಂಡು ಹೋಗುವ ಎಂಟು ಯಂತ್ರಗಳು. ಅವುಗಳನ್ನು ಕಾಯಲು ನಾನೊಬ್ಬಳು. ಯಂತ್ರಕ್ಕೆ ಏನಾದರೂ ಅನುಮಾನ ಬಂದರೆ ಅದರ ನೆತ್ತಿಯ ಮೇಲೆ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿದರೆ ಸಾಕು, ಜನಕ್ಕೆ ತಮ್ಮನ್ನು ಕಳ್ಳರೆಂದು ಕರೆದಷ್ಟೇ ರೋಷ. ಒಬ್ಬ ಯಂತ್ರದ ಹೊಟ್ಟೆಗೆ ಒದ್ದು ತಗಡು ನಗ್ಗಿಸಿದ. ಒಬ್ಬಾಕೆ ಹಣ್ಣಿನ ಡಬ್ಬಿ ಬೀಸಿ ಎಸೆದಳು, ನನ್ನ ಹುಬ್ಬು ಸೀಳಿತು. ಸರದಿಗಾಗಿ ಹೊಡೆದಾಡಿಕೊಂಡ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿದ, ನೆಲದ ರಕ್ತ ನಾನೇ ಒರೆಸಿದೆ. ಯಂತ್ರಕ್ಕೆ ಹೊಡೆದರೆ ಅದಕ್ಕೆ ನೋವಾಗುವುದಿಲ್ಲವಲ್ಲ, ಹಾಗಾಗಿ ಅದರ ಪಾಲಿನ ಏಟೂ ನನಗೇ ಬೀಳುತ್ತದೆ.

ಬಿಯರ್, ಕೆಲವು ಮಾತ್ರೆಗಳು, ಬ್ಲೇಡು, ಚಾಕು ಇವುಗಳಿಗೆಲ್ಲ ದೀಪ ಹತ್ತಲೇಬೇಕು. ನಿಯಮದ ಪ್ರಕಾರ ನಾನು ಗಿರಾಕಿಯ ಬಳಿಗೆ ಹೋಗಿ ಸಾಮಾನು ನೋಡಿ, ಮುಖ ನೋಡಿ, ಆಮೇಲೆ ಒಪ್ಪಿಗೆಯ ಗುಂಡಿ ಒತ್ತಬೇಕು. ದಿನಕ್ಕೆ ಇನ್ನೂರು ಬಾರಿ ಯಾರು ಓಡಾಡುತ್ತಾರೆ? ನನ್ನ ಮೇಜಿನ ಪರದೆಯಲ್ಲೂ ಅದೇ ಗುಂಡಿ ಇದೆ. "ಕೊಳ್ಳುವವರಿಗೆ ತಕ್ಕ ವಯಸ್ಸಾಗಿದೆಯೇ?" ಎಂಬ ಪ್ರಶ್ನೆ ದಪ್ಪ ಅಕ್ಷರದಲ್ಲಿರುತ್ತದೆ, ಸಾಮಾನಿನ ಹೆಸರು ಅದರ ಮೇಲೆ ಇರುವೆ ಸಾಲಿನ ಹಾಗೆ. ನಾವೆಲ್ಲ ದೂರದಿಂದ ಮುಖ ನೋಡುತ್ತೇವೆ, ಗುಂಡಿ ಒತ್ತುತ್ತೇವೆ.

ಆ ಬುಧವಾರ ಹನ್ನೊಂದೂವರೆಗೆ ಆರನೆಯ ಯಂತ್ರದ ದೀಪ ಹತ್ತಿತು. ತಲೆಯೆತ್ತಿದರೆ ಅವನು. ಕೈ ಬೀಸಿದ. "ಏನಮ್ಮಾ ನಾದಿನಿ, ನಂಗೆ ವಯಸ್ಸಾಗಿದೆಯಾ ಇಲ್ವಾ, ಬೇಗ ಹೇಳು" ಎಂದು ನಗೆಯಾಡಿದ. ಬಿಯರ್ ಇರಬೇಕು ಎಂದುಕೊಂಡೆ. "ಇವತ್ತಾದ್ರೂ ಕುಡೀಬೇಡಿ ಭಾವ" ಎಂದೆ. "ಇಲ್ಲಮ್ಮಾ, ಇವತ್ತು ಒಂದು ತೊಟ್ಟೂ ಇಲ್ಲ, ನಿನ್ನಾಣೆ" ಎಂದ. ನನಗೆ ಸಂತೋಷವಾಯಿತು ಅಕ್ಕಾ. ನಗುತ್ತಲೇ ಗುಂಡಿ ಒತ್ತಿದೆ.

ಒಂದು ಗಂಟೆಗೆ ಫೋನು ಬಂತು. ನಿಮ್ಮ ಮೇಲಿನ ಮನೆಯ ಟೈಲರ್ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ಕೆಳಗೆ ಧಾವಿಸದಿದ್ದರೆ ಇವತ್ತು ಈ ಕಾಗದ ಓದಲು ನೀನಿರುತ್ತಿರಲಿಲ್ಲ. ನಾನು ಬರುವಷ್ಟರಲ್ಲಿ ನಿನ್ನನ್ನು ಸಾಗಿಸಿದ್ದರು, ಅವನನ್ನು ಎಳೆದೊಯ್ದಿದ್ದರು. ಗೋಡೆಯ ಮೇಲೆ ನಿನ್ನ ಅಂಗೈ ಗುರುತು ಬಾಗಿಲಿನಿಂದ ಕಿಟಕಿಯವರೆಗೂ ಜಾರಿಕೊಂಡು ಹೋಗಿತ್ತು. ಮೂರನೆಯ ದಿನ ಪೊಲೀಸರು ಒರೆಸಲು ಅನುಮತಿ ಕೊಟ್ಟರು. ಬಚ್ಚಲಮನೆಯ ಹೊಸಿಲ ಬಳಿ ಹೊಸ ಫಿನಾಯಿಲ್ ಬಾಟಲಿ, ಮುಚ್ಚಳದ ಮುದ್ರೆ ಒಡೆದಿರಲಿಲ್ಲ. ಪಕ್ಕದಲ್ಲಿ ಹೊಸ ಒರೆಸುವ ಬಟ್ಟೆ. ಅಚ್ಚುಕಟ್ಟಿನ ಹೆಂಗಸು, ಮುಗಿಯುವ ಮೊದಲೇ ತಂದಿಟ್ಟುಕೊಂಡಿದ್ದಾಳೆ ಎಂದು ಅಳುತ್ತಾ ಮುಚ್ಚಳ ತಿರುಗಿಸಿದೆ. ಮೊಣಕಾಲೂರಿ ಸಂಜೆಯವರೆಗೆ ಉಜ್ಜಿದೆ.

ಕೆಲಸಕ್ಕೆ ಹಿಂತಿರುಗಿದ ನಾಲ್ಕನೆಯ ದಿನ ಒಬ್ಬ ದಪ್ಪ ಮನುಷ್ಯ ಉದ್ದನೆಯ ಚಾಕು ಹಿಡಿದು ಬಂದ. ದೀಪ ಹತ್ತಿತು. ಈ ಸಲ ಹತ್ತಿರ ಹೋದೆ, ಚಾಕು ಕಂಡೆ. ಕಸಿದುಕೊಂಡೆ. "ಮನೇಲಿ ಹೆಂಡ್ತಿ ಇದಾಳಾ? ಎಲ್ಲಿದಾಳೆ ಈಗ? ಫೋನ್ ಮಾಡಿ ಮಾತಾಡ್ಸು ನಂಗೆ" ಎಂದು ಕಿರುಚಿದೆ. "ತಲೆ ಕೆಟ್ಟಿದೆಯೇನ್ರೀ ನಿಮಗೆ" ಎಂದು ಅವನು ನನ್ನ ಭುಜ ತಳ್ಳಿದ. ಅಷ್ಟೇ ಅವನು ಮಾಡಿದ ತಪ್ಪು. ತಂತಿಯ ಬುಟ್ಟಿ ಎತ್ತಿ ಅವನ ಮುಖಕ್ಕೆ ಬೀಸಿದೆ. ಮೂಗು ಮುರಿದದ್ದು ನನ್ನ ಕೈಗೇ ತಿಳಿಯಿತು. ಕುಸಿದವನ ಮೇಲೆ ಮತ್ತೂ ಬೀಸಿದೆ, ಕಾವಲುಗಾರ ಬಂದು ನನ್ನ ಜುಟ್ಟು ಹಿಡಿದು ಎಳೆಯುವವರೆಗೆ. ಆ ರಕ್ತ ನೋಡಿ ನನಗೆ ಒಂದು ಗಳಿಗೆ ಹಾಯೆನಿಸಿತು. ಸುಳ್ಳು ಹೇಳಲಾರೆ. ಅವನು ಯಾರು ಗೊತ್ತೇ? ನೀನಿರುವ ಆಸ್ಪತ್ರೆಯ ಅಡುಗೆಯವನು. ನಾಲ್ಕು ದಿನ ತರಕಾರಿ ಇಟ್ಟಿಗೆ ಇಟ್ಟಿಗೆಯಾಗಿ ಬರುತ್ತಿದೆ ಎಂದು ಗೊಣಗಿದೆಯಲ್ಲ, ಅವನಿಗೆ ಹೊಸ ಚಾಕು ಸಿಗದಂತೆ ಮಾಡಿದ ನನ್ನದೇ ಕೈವಾಡ ಅದು. ನಿನ್ನ ಸುದ್ದಿ ತಿಳಿದು ಅವನು ದೂರು ಕೊಡಲಿಲ್ಲ. ಮೂಗಿಗೆ ಪಟ್ಟಿ ಹಾಕಿಕೊಂಡು ನಿನ್ನ ತಟ್ಟೆಗೆ ಬಡಿಸುತ್ತಿರುವ ಪುಣ್ಯಾತ್ಮ ಅವನೇ. ಅವನ ಕಾಲು ಹಿಡಿದು ಕ್ಷಮೆ ಕೇಳಿದ್ದೇನೆ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಕಂಪ್ಯೂಟರ್ ತಿರುಗಿಸಿದ. "ಈ ತಿಂಗಳು ನೀನೇ ಒಂಬತ್ತು ಚಾಕು ಬಿಟ್ಟಿದೀಯ, ಇವನದ್ದೊಂದು ಯಾಕೆ ತಡೆದೆ?" ಎಂದ. ಒಂಬತ್ತು ಸಾಲುಗಳಿದ್ದವು. ಐದನೆಯದು ಆ ಬುಧವಾರದ್ದು, ಹನ್ನೊಂದೂವರೆ, ಆರನೆಯ ಯಂತ್ರ. ಒಪ್ಪಿಗೆ ಕೊಟ್ಟವರ ಜಾಗದಲ್ಲಿ ನನ್ನ ಸಂಖ್ಯೆ. ಅವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಕೆಟ್ಟವನಲ್ಲ, ಬಾಗಿಲು ಹಾಕಿ ಮೆಲ್ಲಗೆ ಹೇಳಿದ: "ತಿಂಗಳು ಕಳೆದ್ರೆ ಇದೆಲ್ಲ ತಾನಾಗೇ ಅಳಿಸಿಹೋಗುತ್ತೆ. ಯಾರೂ ಕೇಳಿಲ್ಲ, ನೀನೂ ಹೇಳ್ಬೇಡ." ಎರಡು ದಿನ ನಾನು ಹೇಳಲಿಲ್ಲ, ಅಕ್ಕಾ. ನಿನ್ನ ತಲೆ ಬಾಚಿದೆ, ಹಣ್ಣು ಸುಲಿದು ಬಾಯಿಗಿಟ್ಟೆ. ನೀನು ಎಡಗೈಯಿಂದ ನನ್ನ ತಲೆ ನೇವರಿಸಿದಾಗ ನನಗೆ ಅಲ್ಲೇ ಸಾಯಬೇಕೆನಿಸಿತು.

ಮೂರನೆಯ ದಿನ ಅಂಗಡಿಗೆ ಹೋಗಿ ಅವನ ಆ ಬುಧವಾರದ ಬಿಲ್ಲನ್ನು ಅಚ್ಚು ಹಾಕಿಸಿಕೊಂಡೆ. ಕೆಲಸ ಹೋಯಿತು, ಹೋಗಲಿ. ಸೋಮವಾರ ಅದನ್ನು ನ್ಯಾಯಾಧೀಶರ ಮೇಜಿನ ಮೇಲೆ ಇಡುತ್ತೇನೆ. ಚಾಕು ದಾಟಿಸಿದ್ದು ನೀನೇ ಅಲ್ಲವೇ ಎಂದು ಅವನ ವಕೀಲ ಎಲ್ಲರೆದುರು ಕೇಳುತ್ತಾನೆ. ಹೌದು ಎನ್ನುತ್ತೇನೆ. ನೀನು ಅಲ್ಲಿ ಮೊದಲ ಬಾರಿಗೆ ಕೇಳಿ ಕುಸಿಯಬಾರದೆಂದೇ ಈ ಕಾಗದ. ನಿನ್ನ ಅಪ್ಪಣೆ ಕೇಳುತ್ತಿಲ್ಲ. ನನ್ನನ್ನು ಕ್ಷಮಿಸದಿದ್ದರೂ ಸರಿ, ಮುಖ ನೋಡದಿದ್ದರೂ ಸರಿ.

ಬಿಲ್ಲನ್ನು ಈ ಕಾಗದದ ಜೊತೆ ಇಟ್ಟಿಲ್ಲ, ನೀನು ಹರಿದು ಹಾಕುತ್ತೀಯ ಎಂಬ ಭಯ. ಏನಿದೆ ಎಂದು ಹೇಳುತ್ತೇನೆ. ಮೂರೇ ಸಾಲು. ಒಂದು ಚಾಕು. ಒಂದು ನೆಲ ಒರೆಸುವ ಬಟ್ಟೆ. ಒಂದು ಬಾಟಲಿ ಫಿನಾಯಿಲ್.

ಚಾಕು ಕೋಪದಲ್ಲಿ ಕೈಗೆ ಸಿಕ್ಕಿತು ಎನ್ನುತ್ತೀಯಲ್ಲ, ಫಿನಾಯಿಲ್ ಯಾವ ಕೋಪದಲ್ಲಿ ಸಿಕ್ಕಿತು, ಹೇಳು? ನಿನ್ನನ್ನು ಮುಗಿಸಿದ ಮೇಲೆ ನೆಲ ತೊಳೆಯಲು ಅವನು ತಂದಿಟ್ಟಿದ್ದ. ಅದರಲ್ಲೇ ನಿನ್ನ ರಕ್ತ ತೊಳೆದವಳು ನಾನು.

ನಿಮ್ಮ ಮನೆಯ ಬೀಗ ಬದಲಾಯಿಸಿದ್ದೇನೆ. ಹೊಸ ಕೀಲಿ ಎರಡೇ, ಎರಡೂ ನರ್ಸಮ್ಮನ ಬಳಿ ಇವೆ. ಒಂದು ನಿನ್ನದು. ಇನ್ನೊಂದನ್ನು ನನಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅವನಿಗೆ ಮಾತ್ರ ಕೊಡಬೇಡ.

ಚಿಕ್ಕವಳು ದೊಡ್ಡವಳನ್ನು ಹರಸಬಾರದಂತೆ. ಆದರೂ ಹರಸುತ್ತೇನೆ: ಹೊಲಿಗೆಗಳು ಬೇಗ ಮಾಯಲಿ, ನಿನ್ನ ಕೂದಲು ಪೂರ್ತಿ ಬೆಳ್ಳಗಾಗಲಿ, ಹಲ್ಲು ಉದುರಲಿ, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸಾಯುವಷ್ಟು ನೀನು ಬದುಕು.

ಗುಂಡಿ ಒತ್ತಿದ ಕೈಯಿಂದಲೇ ಇದನ್ನು ಬರೆದಿರುವ,
ನಿನ್ನ ಸಿಡುಕಿ ತಂಗಿ