ಬ್ಯಾಟು ಹಿಡಿದವಳನ್ನು ಕೇಳಿ

ಕಾರ್ಖಾನೆ ನೌಕರರ ಮಿಶ್ರ ಸಾಫ್ಟ್‌ಬಾಲ್ ಪಂದ್ಯಾವಳಿಯ ನಿಯಮ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಭಾನುವಾರದ ಸೆಮಿಫೈನಲ್ ಪಂದ್ಯದಲ್ಲಿ ತಮ್ಮ ನಿಯಮವೊಂದು ನನ್ನ ಕೈಯಿಂದ ಬ್ಯಾಟನ್ನು ಕಿತ್ತುಕೊಂಡಿತು. ಕಿತ್ತುಕೊಂಡಿತು ಎಂದರೆ ತಪ್ಪಾದೀತು. ಬಹಳ ಮರ್ಯಾದೆಯಿಂದ ಕೆಳಗಿಡಿಸಿತು. ಅದಾದ ಮೇಲೆ ನಮ್ಮ ತಂಡ ಗೆದ್ದಿತು. ಗೆದ್ದ ತಂಡದವಳೇ ದೂರು ಬರೆಯುವುದು ತಮ್ಮ ಸಮಿತಿಗೆ ಹೊಸ ಅನುಭವವಿರಬೇಕು. ಸೋತವರ ದೂರುಗಳನ್ನು ತಾವು ಹೇಗೆ ವಿಲೇವಾರಿ ಮಾಡುತ್ತೀರೆಂದು ಎಲ್ಲರಿಗೂ ಗೊತ್ತಿದೆ. ಗೆದ್ದವಳ ದೂರನ್ನು ಯಾವ ಕಡತಕ್ಕೆ ಸೇರಿಸುತ್ತೀರೋ ನೋಡುವ ಕುತೂಹಲ ನನಗಿದೆ.

ಇದು ಬಹಿರಂಗ ಪತ್ರವಾದ್ದರಿಂದ ಆಟದ ಗಂಧಗಾಳಿ ಇಲ್ಲದ ಓದುಗರಿಗಾಗಿ ನಿಯಮವನ್ನು ವಿವರಿಸುತ್ತೇನೆ. ತಾವು ಬೇಕಾದರೆ ಈ ಭಾಗ ಬಿಟ್ಟು ಓದಬಹುದು, ನಿಯಮ ಬರೆಯುವಾಗಲೂ ತಾವು ಅದನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ. ನಮ್ಮದು ಗಂಡಸರೂ ಹೆಂಗಸರೂ ಕೂಡಿ ಆಡುವ ತಂಡ. ಗಂಡು, ಹೆಣ್ಣು ಸರದಿಯಂತೆ ಬ್ಯಾಟು ಹಿಡಿಯುತ್ತಾರೆ. ಹೊಡೆದವರು ಮೈದಾನದ ಮೂರು ಮೂಲೆಯ ಬೇಸುಗಳನ್ನು ಸುತ್ತಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್, ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಚೆಂಡೆಸೆಯುವವನು ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ ಬ್ಯಾಟಿನವರು ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಹಿಂದೆ ಕೆಲವು ಬುದ್ಧಿವಂತರು ಗಂಡಸಿಗೆ ಬೇಕೆಂದೇ ಕೆಟ್ಟ ಚೆಂಡು ಎಸೆದು, ಅವನನ್ನು ನಡೆಸಿ ಕಳಿಸಿ, ಅವನ ಹಿಂದೆ ಬರುವ ಹೆಂಗಸನ್ನು ಸಲೀಸಾಗಿ ಔಟ್ ಮಾಡುತ್ತಿದ್ದರಂತೆ. ಇದನ್ನು ತಡೆಯಲು ತಾವು ನಿಯಮ ಮಾಡಿದಿರಿ: ಹಾಗೆ ನಡೆಸಿದರೆ ಗಂಡಸಿಗೆ ಎರಡು ಬೇಸು, ಆ ಹೊತ್ತಿಗೆ ಇಬ್ಬರು ಔಟಾಗಿದ್ದರೆ ಅವನ ಹಿಂದಿನ ಹೆಂಗಸಿಗೂ ಒಂದು ಬೇಸು ಪುಕ್ಕಟೆ, ತಂಡ ಬಯಸಿದರೆ. ಒಳ್ಳೆಯ ಉದ್ದೇಶವೇ. ಆದರೆ ತಂಡ ಬಯಸುವುದು ಎಂದರೆ ಏನು? ಅದನ್ನೂ ತಾವೇ ಮುಂದಿನ ಸಾಲಿನಲ್ಲಿ ಹೇಳಿದ್ದೀರಿ: ನಾಯಕನ ತೀರ್ಮಾನವೇ ಅಂತಿಮ.

ನಮ್ಮ ತಂಡದ ನಾಯಕರು ನಮ್ಮ ಮನೆಯವರು.

ನಾವಿಬ್ಬರೂ ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿದ್ದೇವೆ. ಅವರು ಗಾಜು ಅರೆಯುವ ವಿಭಾಗ, ನಾನು ತಪಾಸಣೆ. ಒಂದೊಂದೇ ಗಾಜನ್ನು ದೀಪಕ್ಕೆ ಹಿಡಿದು, ಓರೆ ಮಾಡಿ, ಗೀರಿದೆಯೇ, ಗುಳ್ಳೆಯಿದೆಯೇ ಎಂದು ನೋಡಿ ಈಚೆಗೋ ಆಚೆಗೋ ಇಡುವ ಕೆಲಸ. ಪದವಿ ಓದಿದ್ದಕ್ಕೆ ಸಿಕ್ಕ ಭಾಗ್ಯ ಅದು. ನನಗೆ ಇಷ್ಟವೂ ಹೌದು. ಹೆರಿಗೆಗೆ ಮೊದಲು ಕಿಟಕಿ ಪಕ್ಕದ ಮೇಜು ನನ್ನದಾಗಿತ್ತು. ತಂಡದಲ್ಲಿ ಬ್ಯಾಟಿಂಗ್ ಸರದಿಯ ನಾಲ್ಕನೆಯ ಜಾಗವೂ ನನ್ನದೇ. ಜೋರಾಗಿ ಹೊಡೆಯುವವರಿಗೆ ಆ ಜಾಗ ಕೊಡುತ್ತಾರೆ.

ರಜೆ ಮುಗಿಸಿ ಬಂದಾಗ ಕಿಟಕಿ ಪಕ್ಕದ ಕುರ್ಚಿಯನ್ನು ಯಾರೋ ಎತ್ತರಿಸಿದ್ದರು. ಕುಳಿತರೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಆ ಯಾರೋ, ಎಡಚಿ. ನನ್ನ ಬದಲಿಗೆ ತಾತ್ಕಾಲಿಕವಾಗಿ ಬಂದು ಕಾಯಂ ಆದವಳು, ಎಡಗೈಯಲ್ಲಿ ಬ್ಯಾಟು ಬೀಸುವುದರಿಂದ ತಂಡದವರು ಇಟ್ಟ ಹೆಸರು. ಉದ್ದನೆಯ ಹುಡುಗಿ. ರಾತ್ರಿಯೆಲ್ಲ ಗಡದ್ದಾಗಿ ನಿದ್ದೆ ಹೊಡೆದು ಬಂದು, ಬೆಳಗ್ಗೆ ಮತ್ತೆ ಸೊಗಸಾಗಿ ಆಕಳಿಸುತ್ತಾಳೆ. ಅಷ್ಟು ನಿದ್ದೆ ಮಾಡಿದವರಿಗೆ ಆಕಳಿಸುವ ಹಕ್ಕೆಲ್ಲಿಂದ ಬಂತು ಎಂದು ನಾನು ದಿನಾ ಯೋಚಿಸುತ್ತೇನೆ. ನಾಲ್ಕನೆಯ ಜಾಗವೂ ಈಗ ಅವಳದೇ, ನನ್ನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಆದರೆ ಸೆಮಿಫೈನಲ್ ದಿನ ಪ್ಯಾಕಿಂಗಿನ ಅಕ್ಕ ಕಾಲು ಉಳುಕಿಸಿಕೊಂಡು ಕೈಕೊಟ್ಟಳು. ತಮ್ಮದೇ ನಿಯಮದ ಪ್ರಕಾರ ಹೆಂಗಸರ ಸಂಖ್ಯೆ ಕಮ್ಮಿಯಾಗುವಂತಿಲ್ಲ. ಹಾಗಾಗಿ ಲೆಕ್ಕ ಭರ್ತಿಗೆ ನನ್ನನ್ನು ಕರೆದರು. ಬಟ್ಟೆ ಅಂಗಡಿಯಲ್ಲಿ ಅಳತೆ ಸಾಲದಿದ್ದಾಗ ಸೇರಿಸುವ ತುಂಡಿನ ಹಾಗೆ. ಸರದಿಯಲ್ಲಿ ಗಂಡಸರೂ ಕಮ್ಮಿಬಿದ್ದದ್ದರಿಂದ ಕೊನೆಗೆ ಹೆಂಗಸರಿಬ್ಬರನ್ನು ಒತ್ತಟ್ಟಿಗೆ ಇಡಬೇಕಾಯಿತು: ಮನೆಯವರು, ಅವರ ಹಿಂದೆ ನಾನು, ನನ್ನ ಹಿಂದೆ ಎಡಚಿ.

ಎದುರಾಳಿಗಳು ಹಾಸಿಗೆ ಕಾರ್ಖಾನೆಯವರು. ನಿದ್ದೆಗೂ ನನಗೂ ಇರುವ ವೈರ ಮೈದಾನದಲ್ಲೂ ಬೆನ್ನು ಬಿಡಲಿಲ್ಲ, ನೋಡಿ.

ಇಲ್ಲಿ ಒಂದು ಖಾಸಗಿ ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ದೂರು ತಮಗೆ ಅರ್ಥವಾಗುವುದಿಲ್ಲ. ಮಗು ಹುಟ್ಟಿದಾಗಿನಿಂದ ನನ್ನ ಕಿವಿ ನನ್ನದಾಗಿ ಉಳಿದಿಲ್ಲ. ನಲ್ಲಿ ತಿರುಗಿಸಿದರೆ ನೀರಿನೊಳಗೆ ಅಳು ಕೇಳುತ್ತದೆ. ಕಾರ್ಖಾನೆಯ ಅರೆಯುವ ಯಂತ್ರದೊಳಗೆ ಕೇಳುತ್ತದೆ. ಮಗು ಅತ್ತರೆ ಯಾಕೆ ಅಳುತ್ತಿದೆ ಎಂಬ ದಿಗಿಲು, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂಬ ದಿಗಿಲು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ, ಆ ಬೆರಳಿನಿಂದಲೇ ಅದನ್ನು ಎಬ್ಬಿಸಿ, ಅತ್ತೆಯಿಂದ ಬೈಸಿಕೊಂಡವಳು ನಾನು. "ಮಗು ನಿದ್ದೆ ಮಾಡೋದೇ ನಿಂಗೆ ಸಹಿಸಲ್ವಲ್ಲೇ!" ಎಂದರು ಅತ್ತೆ. ಅವರ ತೋಳಿಗೆ ಹೋದೊಡನೆ ಮಗು ತೆಪ್ಪಗಾಗುತ್ತದೆ. ಅದಕ್ಕೂ ನನಗೆ ಉರಿ. ಪಕ್ಕದಲ್ಲೇ ಮಲಗಿ ಇಷ್ಟೆಲ್ಲದರ ನಡುವೆ ಗೊರಕೆ ಹೊಡೆಯುವ ನಮ್ಮ ನಾಯಕರನ್ನು ಕಂಡರಂತೂ ಹೇಳುವುದೇ ಬೇಡ. ಈ ಲೋಕದಲ್ಲಿ ಕಣ್ಣು ಮುಚ್ಚಬಲ್ಲ ಪ್ರತಿಯೊಬ್ಬರ ಮೇಲೂ ನನಗೆ ಹೊಟ್ಟೆಕಿಚ್ಚಿದೆ.

ಆದರೆ ಬ್ಯಾಟು ಹಿಡಿದು ನಿಂತಾಗ, ಎಸೆಯುವವನ ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಆ ಒಂದು ಚೂರು ಹೊತ್ತಿನಲ್ಲಿ, ನನ್ನ ಕಿವಿ ಏನನ್ನೂ ಹುಡುಕುವುದಿಲ್ಲ. ಚೆಂಡು ಬಿಟ್ಟರೆ ಬೇರೆ ಏನೂ ಇಲ್ಲ. ಮಗುವೂ ಇಲ್ಲ, ನಾನೂ ಇಲ್ಲ. ಇದು ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ. ಒಳ್ಳೆಯ ತಾಯಂದಿರು ಹೀಗೆ ಬರೆಯುವುದಿಲ್ಲವೆಂದು ಕೇಳಿದ್ದೇನೆ. ಆದರೆ ಆ ಚೂರು ಹೊತ್ತಿಗಾಗಿಯೇ ನಾನು ತುಂಡುಬಟ್ಟೆಯಾಗಿ ಬರಲು ಒಪ್ಪಿದ್ದು. ಅಂದು ಅಲ್ಲಿಯವರೆಗೆ ನನಗೆ ಬ್ಯಾಟು ಸಿಕ್ಕಿದ್ದು ಒಂದೇ ಸಲ, ಆಗ ಎಸೆದ ಮೊದಲ ಚೆಂಡಿಗೇ ಕ್ಯಾಚು ಕೊಟ್ಟಿದ್ದೆ. ಇನ್ನೊಂದು ಸರದಿಗಾಗಿ ನಾನು ಹೇಗೆ ಕಾದಿದ್ದೆನೆಂದು ತಮಗೆ ಗೊತ್ತಾಗಬೇಕಾದರೆ ತಾವು ಒಂದು ಕೂಸನ್ನು ಹೆರಬೇಕಾದೀತು.

ಕೊನೆಯ ಇನ್ನಿಂಗ್ಸ್. ನಾವು ಒಂದು ರನ್ ಹಿಂದೆ. ಇಬ್ಬರು ಔಟ್. ನಮ್ಮ ಕಾರ್ಖಾನೆಯ ಸ್ಟೋರ್ ಕೀಪರ್ ಮೂರನೆಯ ಬೇಸಿನಲ್ಲಿ ಪ್ಯಾಂಟು ಮೇಲೆಳೆದುಕೊಳ್ಳುತ್ತ ನಿಂತಿದ್ದರು. ನಮ್ಮ ಮನೆಯವರಿಗೆ ನಾಲ್ಕು ಚೆಂಡೂ ಅಡ್ಡಾದಿಡ್ಡಿ ಬಂದವು. ಬೇಕೆಂದು ಎಸೆದದ್ದೋ, ಹಾಸಿಗೆಯವರ ಕೈಯೇ ಮೆತ್ತಗೋ ನಾನರಿಯೆ. ಮನೆಯವರು ಎರಡನೆಯ ಬೇಸಿಗೆ ರಾಜಗಾಂಭೀರ್ಯದಿಂದ ನಡೆದರು. ಏನೂ ಮಾಡದ್ದಕ್ಕೆ ಗಂಡಸಿಗೆ ಎರಡು, ಹೆಂಗಸಿಗೆ ಒಂದು. ಈ ದರವನ್ನು ನಿಗದಿ ಮಾಡಿದವರು ಯಾರು ಎಂದು ಕೇಳುವುದನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ.

ನಾನು ಹೋಗಿ ನಿಂತೆ. ಬ್ಯಾಟು ಎತ್ತಿದೆ. ತಮ್ಮ ಸಮಿತಿಯ ಅಂಪೈರು ನನ್ನ ತಲೆಯ ಮೇಲಿಂದ ದೂರಕ್ಕೆ ಕೂಗಿದರು: "ಏನಪ್ಪಾ ಕ್ಯಾಪ್ಟನ್, ನಿಮ್ಮ ಹೆಂಗಸು ನಡೀತಾಳಾ, ಹೊಡೀತಾಳಾ?"

ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ, ಅಧ್ಯಕ್ಷರೇ. ಕೈಯಲ್ಲಿ ಬ್ಯಾಟಿತ್ತು. ಬಾಯಲ್ಲಿ ನಾಲಿಗೆಯೂ ಇತ್ತು.

"ಹೊಡೀತೀನಿ," ಎಂದೆ.

"ನಿಮ್ಮನ್ನಲ್ಲಮ್ಮ ಕೇಳಿದ್ದು," ಎಂದರು ಅಂಪೈರು. ಕೋಪದಿಂದಲ್ಲ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಯಾರು ಕೊಳ್ಳುತ್ತಾರೆಂದು ಮಗುವನ್ನು ಬಿಟ್ಟು ದೊಡ್ಡವರ ಕಡೆ ನೋಡುವ ಹಾಗೆ.

"ನಡಿಯೇ, ನಡಿ!" ಎಂದು ಎರಡನೆಯ ಬೇಸಿನಿಂದ ಮನೆಯವರು ಕೈ ಬೀಸಿದರು. "ಪುಕ್ಕಟೆ ಸಿಗ್ತಿದೆ! ನಿಂಗೆ ನಿದ್ದೆ ಬೇರೆ ಇಲ್ಲ, ಕೈ ನಡುಗ್ತಿದೆ, ಇಲ್ಲಿಗೇ ಕಾಣ್ತಿದೆ!"

"ನಡುಗಿದ್ರೆ ನನ್ನ ಕೈ, ನಿಮಗೇನ್ರೀ?"

"ಅಯ್ಯೋ, ಹಿಂದೆ ಎಡಚಿ ಇದಾಳೆ ಕಣೇ! ಅವಳು ನೋಡ್ಕೋತಾಳೆ!"

ಚೆಂಡು ಹಿಡಿಯಲು ನನ್ನ ಬೆನ್ನ ಹಿಂದೆ ಕೂತಿದ್ದ ಹಾಸಿಗೆಯವರ ಕ್ಯಾಚರ್ ಮುಖಕವಚದೊಳಗಿಂದ ಸಮಾಧಾನ ಹೇಳಿದ: "ಹೋಗಿ ಬನ್ನಿ ಮೇಡಂ. ಸಂಜೆ ಹೊತ್ತು ನಡೆದ್ರೆ ಆರೋಗ್ಯಕ್ಕೆ ಒಳ್ಳೇದು."

ನಾನು ನಡೆದೆ. ಮೊದಲ ಬೇಸನ್ನು ತುಳಿದು ನಿಂತೆ. ಅಲ್ಲಿಗೆ ತಲುಪುವಷ್ಟರಲ್ಲಿ ಬೇಲಿಯಾಚೆ ಅತ್ತೆಯ ಮಡಿಲಿನಿಂದ ಅಳು ಕೇಳತೊಡಗಿತು. ತಿರುಗಿ ನೋಡಿದರೆ ಮಗು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು. ಎಡಚಿ ಬಂದಳು, ಎರಡನೆಯ ಚೆಂಡಿಗೇ ಎಡಗೈ ಬೀಸಿದಳು. ಚೆಂಡು ಎಲ್ಲರ ತಲೆಯ ಮೇಲಿಂದ ಹೋಗಿ ಹುಲ್ಲಿನಲ್ಲಿ ಬಿತ್ತು. ಸ್ಟೋರ್ ಕೀಪರ್ ಓಡಿದರು, ಅವರ ಹಿಂದೆ ಮನೆಯವರು ಓಡಿದರು, ನಾವು ಗೆದ್ದೆವು. ಇಡೀ ತಂಡ ಅವಳನ್ನು ಎತ್ತಿ ಕುಣಿಯಿತು. ಎತ್ತಿದವರಲ್ಲಿ ನಮ್ಮ ನಾಯಕರು ಎಲ್ಲರಿಗಿಂತ ಮುಂದೆ. ಮನೆಯಲ್ಲಿ ಮಗುವಿನ ತೊಟ್ಟಿಲು ಸರಿಸಲು ಅವರಿಗೆ ಸೊಂಟನೋವು. ನಾನು ಎರಡನೆಯ ಬೇಸಿನ ಹತ್ತಿರ ಚಪ್ಪಾಳೆ ತಟ್ಟುತ್ತ ನಿಂತಿದ್ದೆ. ಗೆದ್ದ ತಂಡದವರು ಚಪ್ಪಾಳೆ ತಟ್ಟುವುದಿಲ್ಲ, ಕುಣಿಯುತ್ತಾರೆ. ಇದು ನನಗೆ ಆಮೇಲೆ ಹೊಳೆಯಿತು.

ಅಂದೇ ತಮ್ಮ ಡೇರೆಗೆ ಬಂದು ಕೇಳಿದ್ದೆ, ತಮಗೆ ನೆನಪಿರಬಹುದು. "ನಿಮ್ಮಂಥವರ ಅನುಕೂಲಕ್ಕೇ ತಾಯಿ ಈ ನಿಯಮ ಮಾಡಿರೋದು," ಎಂದಿರಿ. ತಣ್ಣಗಿನ ಶರಬತ್ತನ್ನೂ ಕೊಡಿಸಿದಿರಿ. ನನ್ನ ಅನುಕೂಲ ನನ್ನ ಗಂಡನಿಗೆ ಗೊತ್ತಿರುತ್ತದೆ, ತಮ್ಮ ಅಂಪೈರಿಗೆ ಗೊತ್ತಿರುತ್ತದೆ, ಎದುರಾಳಿಯ ಕ್ಯಾಚರನಿಗೂ ಗೊತ್ತಿರುತ್ತದೆ. ಗೊತ್ತಾಗದೆ ಉಳಿದವಳು ನಾನೊಬ್ಬಳೇ ಅಲ್ಲವೇ? ಕೈ ನಡುಗುವ ಗಂಡಸನ್ನು ತಾವು ಎಂದಾದರೂ ಹೀಗೆ ಅನುಕೂಲ ಮಾಡಿ ಕಳಿಸಿದ್ದುಂಟೇ? ನಮ್ಮ ಸ್ಟೋರ್ ಕೀಪರಿಗೆ ದೂರದ ಚೆಂಡೇ ಕಾಣುವುದಿಲ್ಲ. ಕನ್ನಡಕದ ಕಾರ್ಖಾನೆಯಲ್ಲಿದ್ದು ಕನ್ನಡಕ ಹಾಕಲು ಒಲ್ಲದ ಮಹಾನುಭಾವರು ಅವರು. ಆದರೂ ಅವರು ಹತ್ತರಲ್ಲಿ ಒಂಬತ್ತು ಸಲ ಬ್ಯಾಟು ಬೀಸಿ, ಗಾಳಿಗೆ ಹೊಡೆದು, ಸ್ವಂತ ಹೆಸರಿನಲ್ಲೇ ಔಟಾಗುತ್ತಾರೆ. ಅವರ ಮೇಲೂ ನನಗೆ ಹೊಟ್ಟೆಕಿಚ್ಚು.

ಈ ಪತ್ರದ ಮೊದಲ ಪ್ರತಿಯನ್ನು ಬೆಳಗ್ಗೆ ಕಾಫಿ ಜೊತೆ ಮನೆಯವರ ಮುಂದಿಟ್ಟೆ. ಓದಿ, "ಊರಿಗೆಲ್ಲ ಡಂಗುರ ಹೊಡೀಬೇಕೇನೇ? ನಿಂಗೆ ಎಡಚಿ ಮೇಲೆ ಹೊಟ್ಟೆಕಿಚ್ಚು, ಅಷ್ಟೇ," ಎಂದರು.

"ಹೌದು," ಎಂದೆ.

ಅವರು ಕಾಗದವನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಇಲ್ಲ ಎನ್ನುತ್ತೇನೆಂದು ಎಣಿಸಿದ್ದರು. ತಾವೂ ಇದೇ ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದರೆ ಶ್ರಮ ಉಳಿಯಲಿ, ಮೊದಲೇ ಒಪ್ಪಿಬಿಡುತ್ತೇನೆ. ಹೊಟ್ಟೆಕಿಚ್ಚಿನವಳು ಹೇಳಿದ ಮಾತ್ರಕ್ಕೆ ಮಾತು ಸುಳ್ಳಾಗುತ್ತದೆಯೇ? ಹಾಗೆ ನೋಡಿದರೆ ಎಡಚಿಯನ್ನು ನಾನು ದೀಪಕ್ಕೆ ಹಿಡಿದು, ಎಲ್ಲ ಕಡೆಯಿಂದಲೂ ಓರೆ ಮಾಡಿ ನೋಡಿದ್ದೇನೆ. ಒಂದು ಗೀರು ಸಿಗಲಿಲ್ಲ. ಅದಕ್ಕಿಂತ ದೊಡ್ಡ ದೋಷ ಬೇರೆ ಬೇಕೇ?

ಸೋಮವಾರ ಊಟದ ಹೊತ್ತಿಗೆ ಅವಳೇ ನನ್ನ ಮೇಜಿಗೆ ಬಂದಳು. "ಅಕ್ಕಾ, ಬೇಜಾರಾ?" ಎಂದಳು.

"ಯಾತಕ್ಕೆ ಬೇಜಾರು? ಗೆದ್ವಲ್ಲ."

"ಸುಮ್ನಿರಿ ಅಕ್ಕಾ. ನಂಗೆ ಗೊತ್ತಿಲ್ವಾ? ಕಳೆದ ಎರಡು ಮ್ಯಾಚಲ್ಲೂ ನನ್ನ ಮುಂದೆ ಗಂಡಸರಿದ್ರು. ಎರಡು ಸಲಾನೂ ನನ್ನ ನಡೆಸಿಬಿಟ್ರು. ಮನೆಗೆ ಹೋಗಿ ದಿಂಬಿಗೆ ಗುದ್ದಿದೀನಿ. ಈ ಸಲ ಮುಂದೆ ನೀವು ಹೆಂಗಸು ಇದ್ರಿ, ಅದಕ್ಕೇ ಹೊಡೆಯೋಕೆ ಬಿಟ್ರು. ಇಲ್ದಿದ್ರೆ ನಾನೂ ನಿಮ್ಮ ಥರಾನೇ ವಾಕಿಂಗ್."

ಅವಳು ಹೊಡೆದದ್ದು ಎಡಗೈಯ ಬಲದಿಂದ ಎಂದುಕೊಂಡಿದ್ದೆ. ನನ್ನ ಹಿಂದೆ ನಿಂತದ್ದರ ಬಲವೂ ಅದರಲ್ಲಿತ್ತು.

"ಫೈನಲ್‌ನಲ್ಲಿ ಜಾಗ ಬದಲಾಯಿಸಿಕೊಳ್ಳೋಣ," ಎಂದಳು. "ನಾನು ಮುಂದೆ ಬರ್ತೀನಿ, ನೀವು ಹಿಂದೆ ಬನ್ನಿ. ನಡೆಸಿದ್ರೆ ನನ್ನ ನಡೆಸ್ಲಿ."

ನೋಡಿ, ಇಷ್ಟು ಸಾಲದೆಂದು ಒಳ್ಳೆಯವಳೂ ಆಗಬೇಕಿತ್ತೇ ಇವಳು? ಬೇಡ ಎಂದೆ. ಅವಳ ಸರದಿಯನ್ನು ಕಿತ್ತು ನನಗೆ ಕೊಟ್ಟರೆ ಅದು ತಮ್ಮ ನಿಯಮದ್ದೇ ಇನ್ನೊಂದು ನಮೂನೆ. ಬದಲಿಗೆ ನೀನು ಎತ್ತರಿಸಿಟ್ಟ ಆ ಕಿಟಕಿ ಪಕ್ಕದ ಕುರ್ಚಿ ತಗ್ಗಿಸಿಕೊಡು ಎಂದೆ. ಬಗ್ಗಿ ತಗ್ಗಿಸಿಕೊಟ್ಟಳು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟು. ಫೈನಲ್ ಪಂದ್ಯ ಬರುವ ಭಾನುವಾರವಿದೆ. ಪ್ಯಾಕಿಂಗಿನ ಅಕ್ಕನ ಕಾಲು ಇನ್ನೂ ಊದಿಕೊಂಡಿದೆ. ದೇವರು ಅವಳಿಗೆ ನಿಧಾನವಾಗಿ ಗುಣ ಕೊಡಲಿ. ಭಾನುವಾರದೊಳಗೆ ನಾಯಕನ ತೀರ್ಮಾನವೇ ಅಂತಿಮ ಎಂಬ ಆ ಸಾಲನ್ನು ತಿದ್ದಿ, ನಡೆಯುವ ಇಲ್ಲವೇ ಹೊಡೆಯುವ ತೀರ್ಮಾನವನ್ನು ಬ್ಯಾಟು ಹಿಡಿದವಳಿಗೆ ಬಿಡಿ. ಅಂಪೈರು ಅವಳ ಮುಖ ನೋಡಿ ಕೇಳಲಿ. ತಿದ್ದದಿದ್ದರೆ ನಾನು ನಿಂತ ಜಾಗದಿಂದ ಕದಲುವುದಿಲ್ಲವೆಂದು ಈ ಮೂಲಕ ತಿಳಿಸುತ್ತೇನೆ. ನಾಯಕರು ಕೂಗಲಿ, ಬೇಲಿಯಾಚೆ ಮಗು ನಿಜವಾಗಿಯೇ ಅಳಲಿ, ಅತ್ತೆ ಇದ್ದಾರೆ.

ಕೇಳಿದ ಮೇಲೆ ನಾನು ನಡೆದೇ ಬಿಡಬಹುದು. ನಿದ್ದೆಗೆಟ್ಟ ದಿನ ಒಂದು ಪುಕ್ಕಟೆ ಬೇಸನ್ನು ಒಲ್ಲೆ ಎನ್ನುವಷ್ಟು ಶೂರಳೇನಲ್ಲ ನಾನು. ಹೊಡೆಯಲು ಹೋಗಿ ಗಾಳಿಗೆ ಬೀಸಿ, ತಂಡವನ್ನು ಸೋಲಿಸಿ, ವರ್ಷವಿಡೀ ಕಾರ್ಖಾನೆಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಬಹುದು. ಅದೆಲ್ಲ ನನಗೆ ಗೊತ್ತು. ಗೆಲುವನ್ನು ತಾವು ಯಾರಿಗೆ ಬೇಕಾದರೂ ಕೊಡಿ, ಎಡಚಿಯನ್ನು ಮತ್ತೆ ಎತ್ತಿ ಕುಣಿಯಲಿ, ನಾನೂ ಒಂದು ಕಾಲು ಹಿಡಿಯುತ್ತೇನೆ. ನನ್ನ ಔಟನ್ನು ಮಾತ್ರ ನನಗೆ ಕೊಡಿ.

ಇಂತಿ,
ಬ್ಯಾಟು ಕೆಳಗಿಟ್ಟು ಗೆದ್ದವಳು