ರಾಯರ ಮನೆಯ ಸಿಂಕು

ನೈರೋಬಿ, 20 ಮೇ 2007, ಭಾನುವಾರ

ಪ್ಲಂಬಿಂಗ್ ಕೋರ್ಸಿನ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ. ಆರೇ ವಾರ, ಅದೂ ಶನಿವಾರ ಮಾತ್ರ. ಶುಕ್ರವಾರ ಕೊನೆಯ ದಿನ. ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬೇರೆಯವರ ಕೆಲಸಕ್ಕೆ ಸಹಿ ಹಾಕಿ ಸಾಕಾಗಿದೆ.

ಇವತ್ತು ಹೈರಿಡ್ಜ್‌ನಲ್ಲಿ ಶ್ರೀಪತಿ ರಾಯರ ಮನೆ ಸತ್ಯನಾರಾಯಣ ಪೂಜೆ. ಅಡುಗೆಮನೆಯ ಸಿಂಕು ಕಟ್ಟಿಕೊಂಡು ನೀರು ನೆಲಕ್ಕೆ ಹರಿಯುತ್ತಿತ್ತು. ರಾಯರು ರಿಪೇರಿಯ ಫುಂಡಿಗೆ ಫೋನ್ ಮಾಡುತ್ತಲೇ ಇದ್ದರು. ನಾನು ಪಂಚೆ ಎತ್ತಿ ಕಟ್ಟಿ, ಕೆಳಗಿನ ಪೈಪು ಬಿಚ್ಚಿ, ಹಿಡಿಯಷ್ಟು ಜಿಡ್ಡು ತೆಗೆದೆ. ನೀರು ಗುಳುಗುಳು ಎಂದು ಇಳಿಯಿತು. ಇಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ!

ಪ್ರತಿ ಪೂಜೆಯಲ್ಲೂ ಪಾಯಸ ಬಡಿಸುವವನು ನಾನೇ. ಸೌಟಿಗೆ ಕೈ ಹಾಕಿದರೆ ರಾಯರ ಹೆಂಡತಿ ಮೆಲ್ಲಗೆ, "ಇವತ್ತು ಬೇಡ ಬಿಡಿ, ಡಾಕ್ಟ್ರು ಬಡಿಸ್ತಾರೆ. ನೀವು ಆರಾಮಾಗಿ ಕೂತ್ಕೊಳ್ಳಿ" ಅಂದರು. ಸೋಪು ಹಾಕಿ ಮೂರು ಸಲ ಕೈ ತೊಳೆದಿದ್ದೆನಲ್ಲ!

ಮನೆಗೆ ಬಂದ ಮೇಲೆ ಹೆಂಡತಿ ಶರ್ವಾಣಿ, "ಒಂದು ದಿನಕ್ಕೇ ಹೀಗೆ. ದಿನಾ ಇದೇ ಕೆಲಸ ಆದ್ರೆ ನಮ್ಮನ್ನ ಕರೀತಾರೇನ್ರೀ?" ಎಂದಳು. ಮಲಗಿದವನು ಎದ್ದು ಬಂದು ಅರ್ಜಿಯಲ್ಲಿ ಹೆಸರಷ್ಟೇ ಬರೆದೆ.

ಇಷ್ಟಕ್ಕೂ ಪಾಯಸ ತಿಂದು ಎಲ್ಲರೂ ಕೈ ತೊಳೆದದ್ದು ಅದೇ ಸಿಂಕಿನಲ್ಲಿ. ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಂದು ಹನಿ ನೀರೂ ನಿಲ್ಲಲಿಲ್ಲ.