ಟ್ಯಾಂಕಿನ ಪಟ್ಟಿಯೂ ಅಧಿಕ ಮಾಸವೂ

ವಸ್ತಾರೆ
ಚಿತ್ರಭಾನು ಸಂವತ್ಸರ, ಶ್ರಾವಣ ಬಹುಳ ಬಿದಿಗೆ
ಶುಕ್ರವಾರ, 28-8-1942

ನನ್ನ ಮುದ್ದು ಗಿರಿಜೆಗೆ,

ಹೇಗಿದ್ದೀಯ ಮಗಳೇ? ಕಾಲಿನ ಊತ ಇಳಿದಿದೆಯೋ, ಹಾಗೇ ಇದೆಯೋ? ಇದ್ದರೆ ಉಪ್ಪು ಕಡಿಮೆ ಮಾಡು, ಎಡಮಗ್ಗುಲಲ್ಲಿ ಮಲಗು, ಕುಕ್ಕರುಗಾಲಲ್ಲಿ ಕೂತು ಪಾತ್ರೆ ಬೆಳಗಬೇಡ. ಬೇಡ ಅಂದರೆ, ಅತ್ತೆ ಏನಂದುಕೊಂಡಾರೋ ಅಂತ ಇನ್ನೊಂದು ತಪ್ಪಲೆ ಹೆಚ್ಚಿಗೆ ಬೆಳಗುವವಳು ನೀನು. ನಿನ್ನನ್ನು ಸಾಕಿದ ಅಜ್ಜಿಗೆ ನಿನ್ನ ಬುದ್ಧಿ ಗೊತ್ತಿಲ್ಲವೇ? ಊಟ ಸೇರುತ್ತಿದೆಯೋ? ಕೂಸು ಒದೆಯುತ್ತಿದೆಯೋ? ಅಳಿಯಂದಿರು ಕ್ಷೇಮವೇ? ಈ ಕಾಗದವನ್ನು ಟಪಾಲಿಗೆ ಹಾಕಲಿಲ್ಲ. ಆಲ್ದೂರಿನ ಫಜಲುಲ್ಲಾ, ಅದೇ ನಮ್ಮ ಮೋಟಾರು ರಿಪೇರಿ ಮಾಡುವವನು, ನಾಳೆ ಕಳಸದ ಹತ್ತಿರದ ಎಸ್ಟೇಟೊಂದಕ್ಕೆ ಲಾರಿ ನೋಡಲು ಹೊರಟಿದ್ದಾನೆ. ನಿನ್ನ ಕೈಗೇ ಕೊಡಬೇಕು ಅಂತ ತಾಕೀತು ಮಾಡಿದ್ದೇನೆ. ಜೊತೆಗೊಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ ಇದೆ, ಅರ್ಧ ದಾರಿಯಲ್ಲಿ ಅವನು ಮುಚ್ಚಳ ತೆಗೆಯದಿದ್ದರೆ ಪೂರ್ತಿ ನಿನಗೇ. ನನ್ನದು ಕೋಳಿ ಕೆದಕಿದಂಥ ಅಕ್ಷರ, ನಿಧಾನವಾಗಿ ಕೂಡಿಸಿಕೊಂಡು ಓದು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ವಾಡಿಕೆ, ಅದಕ್ಕೆ ಬರೆದೆ.

ನಿಜ ಹೇಳಬೇಕೆಂದರೆ, ಸೋಮವಾರ ನಿನ್ನನ್ನು ಕರೆತರಲು ಬಂದ ನಿಮ್ಮಪ್ಪ ಬರಿಗೈಯಲ್ಲಿ ಮರಳಿದಾಗಿನಿಂದ ಈ ಮನೆಯಲ್ಲಿ ಯಾರಿಗೂ ಅನ್ನ ಇಳಿಯುತ್ತಿಲ್ಲ. ಅಲ್ಲಿ ಏನಾಯಿತು ಅನ್ನುವುದನ್ನು ಅವನ ಬಾಯಿಂದ ಹೊರಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ನಿಮ್ಮ ಅತ್ತೆ ಕೃಷ್ಣಮ್ಮನವರು ಜಗಲಿಗೆ ಬಂದು, “ಎಂಟು ಹಿಡೀತಲ್ಲ ಬೀಗರೇ. ಎಂಟ್ರಲ್ಲಿ ಬಸುರಿ ಹೆಂಗಸನ್ನ ಹೊಳೆ ದಾಟ್ಸೋದುಂಟಾ? ಏಳ್ರಲ್ಲಿ ಬರ್ತೀರಿ ಅಂತ ದಾರಿ ನೋಡಿದ್ದೇ ನೋಡಿದ್ದು” ಅಂದರಂತೆ. ಅವರ ಮಾತಿನಲ್ಲಿ ತಪ್ಪಿಲ್ಲ. ಭದ್ರೆ ದಾಟದೆ ಕಳಸದಿಂದ ನಮ್ಮೂರಿಗೆ ದಾರಿಯಿಲ್ಲ, ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಹೊಳೆ ದಾಟಿಸಬಾರದು ಅನ್ನುವುದು ಅವರೇನೂ ಹೊಸದಾಗಿ ಹುಟ್ಟಿಸಿದ್ದಲ್ಲ. ನಮ್ಮ ಮನೆ ಸೊಸೆಯಾಗಿದ್ದರೆ ನಾನೂ ಕಳಿಸುತ್ತಿರಲಿಲ್ಲ. ಆದರೆ ನಿಮ್ಮಪ್ಪನಿಗೆ ನಾಟಿದ್ದು ಅವರ ಮಾತಲ್ಲ. ನೀರು ಕೊಡಲು ಬಂದ ನೀನು, “ಈಗ ನೆನಪಾಯ್ತಾ ಅಪ್ಪಯ್ಯ?” ಅಂದೆಯಂತೆ. ಅಷ್ಟೇ ಅಂದು ಒಳಗೆ ಹೋದೆಯಂತೆ. ಕೋಪದಲ್ಲಿ ಅಂದೆಯೋ ಅಳು ತಡೆದುಕೊಂಡು ಅಂದೆಯೋ ಅವನಿಗೆ ತಿಳಿಯಲಿಲ್ಲ, ಗಂಡಸು. ನಾನಂತೂ ನಿನ್ನನ್ನು ಬೈಯಲು ಕೂತಿಲ್ಲ. ಇಷ್ಟು ದಿನ ಅವನು ಏನು ಮಾಡುತ್ತಿದ್ದ ಅನ್ನುವುದು ನಿನಗೆ ಗೊತ್ತಾಗಬೇಕು, ಅವನು ಸತ್ತರೂ ಹೇಳುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಮ್ಮ ಹಳೇ ಮೋಟಾರು ನಿನಗೆ ಗೊತ್ತೇ ಇದೆ. ಬಿಳಿ ದೊರೆಯೊಬ್ಬ ಎಸ್ಟೇಟು ಮಾರಿ ತನ್ನ ಸೀಮೆಗೆ ಹೊರಟಾಗ ಕೊಂಡದ್ದು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಮಾಡಿದ ಮೇಲೆ ಅದು ಹೆಚ್ಚಾಗಿ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಕೂತಲ್ಲೇ ಕೂತರೆ ಮನುಷ್ಯರಿಗೇ ಕೀಲು ಹಿಡಿಯುತ್ತದೆ, ಇನ್ನು ಕಬ್ಬಿಣದ ಪಾಡೇನು. ವೈಶಾಖದಲ್ಲಿ ನಿಮ್ಮಪ್ಪ, ಮಗಳನ್ನು ಕರೆತರಬೇಕು, ಗಾಡಿ ಹೇಗಿದೆ ನೋಡೋಣ ಅಂತ ಆಲ್ದೂರಿನ ತನಕ ಓಡಿಸಿಕೊಂಡು ಹೋದ. ಬಸ್ಸು ನಿಲ್ಲುವ ಜಾಗದಲ್ಲಿ ಹಿಂದುಗಡೆ ದಡ್ ಅಂದಿತಂತೆ. ಇಳಿದು ನೋಡಿದರೆ, ಹಿಂದಿನ ಸೀಟಿನ ಅಡಿಯಲ್ಲಿ ಪೆಟ್ರೋಲು ಟ್ಯಾಂಕನ್ನು ಎತ್ತಿ ಹಿಡಿದಿದ್ದ ಎರಡು ಕಬ್ಬಿಣದ ಪಟ್ಟಿಗಳಲ್ಲಿ ಒಂದು ತುಕ್ಕು ತಿಂದು ತುಂಡಾಗಿ, ಟ್ಯಾಂಕು ಒಂದು ಕಡೆ ನೆಲಕ್ಕೆ ಜೋತುಬಿದ್ದಿತ್ತು. ಇನ್ನೊಂದು ಪಟ್ಟಿಯನ್ನು ಉಗುರಿನಲ್ಲಿ ಕೆರೆದರೆ ಹಪ್ಪಳದ ಹಾಗೆ ಎದ್ದು ಬಂತಂತೆ. ಫಜಲುಲ್ಲಾ ಮೋಟಾರಿನ ಅಡಿಗೆ ನುಗ್ಗಿದವನು ಪಟ್ಟಿಯ ಒಳಗಿನಿಂದ ಕೊಳೆತ ಗೋಣಿ ಚೂರು ಎಳೆದು ಹಾಕಿ, “ಯಾವ ಬೇಕೂಫ ಸ್ವಾಮಿ ಇಲ್ಲಿ ಗೋಣಿ ತುರುಕಿದ್ದು? ನೀರೆಲ್ಲ ಹೀರ್ಕೊಂಡು ಕೂತದೆ. ಕಬ್ಬಿಣ ಉಳೀತದಾ?” ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದ. “ನೀನೇ ಕಣೋ ಮಾರಾಯ. ಕಿರಗುಟ್ತದೆ ಅಂದಾಗ ಗೋಣಿ ಮಡಿಚಿ ಇಟ್ಟೋನು ನೀನೇ” ಅಂದ ನಿಮ್ಮಪ್ಪ. ಆಮೇಲೆ ಫಜಲುಲ್ಲಾ ಬಹಳ ಹೊತ್ತು ಮೋಟಾರಿನ ಅಡಿಯಿಂದ ಹೊರಗೇ ಬರಲಿಲ್ಲವಂತೆ.

ಸರಪಣಿ ಸುತ್ತಿ ಕಟ್ಟಿಕೊಡುತ್ತೇನೆ, ಕಳಸಕ್ಕೆ ಹೋಗಿಬರಲು ಏನೂ ಮೋಸವಿಲ್ಲ ಅಂತ ಅವನು ಆವತ್ತೇ ಹೇಳಿದ. ನಿಮ್ಮಪ್ಪ ಕೇಳಬೇಕಲ್ಲ! “ಆ ಟ್ಯಾಂಕಿನ ಮೇಲೇ ನನ್ನ ಮಗಳು ಕೂತ್ಕೋಬೇಕು. ಸರಪಣಿ ಕಟ್ಟಿದ ಗಾಡೀಲಿ ಕರ್ಕೊಂಡ್ ಬರಲ್ಲ” ಅಂದುಬಿಟ್ಟ. ಯುದ್ಧದ ಕಾಲ, ಮದರಾಸಿನಿಂದ ಹೊಸ ಪಟ್ಟಿ ತರಿಸೋಣವೆಂದರೆ ಅಲ್ಲಿಯೂ ಇಲ್ಲ. ಕೊನೆಗೆ ನಮ್ಮ ಕಮ್ಮಾರ ಗುರುವಯ್ಯ ಹಳೇ ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿದಿದ್ದ ಕಬ್ಬಿಣವನ್ನು ಕಾಯಿಸಿ ಬಡಿದು ಪಟ್ಟಿ ಮಾಡಿಕೊಟ್ಟ. ಅದು ದಪ್ಪವಾಯಿತು. ಟ್ಯಾಂಕಿನ ಹೊಟ್ಟೆಗೆ ಸರಿಯಾಗಿ ಬಾಗದೆ, ಬೋಲ್ಟು ಬಿಗಿಯುವಾಗ ಟ್ಯಾಂಕೇ ನೆಗ್ಗಿತು. ನೆಗ್ಗಿದ್ದನ್ನು ಫಜಲುಲ್ಲಾ ಸರಿ ಮಾಡಿದ, ಪಟ್ಟಿಯನ್ನು ಗುರುವಯ್ಯ ಮತ್ತೆ ಬಡಿದು ತೆಳುವು ಮಾಡಿದ. ಅಷ್ಟರಲ್ಲಿ ಪಟ್ಟಿ ಸಿಕ್ಕಿಸುವ ಕೊಂಡಿಯೂ ತುಕ್ಕು ಹಿಡಿದಿದೆ ಅಂತ ಗೊತ್ತಾಗಿ ಅದೂ ಹೊಸದಾಗಿ ಆಗಬೇಕಾಯಿತು. ಟ್ಯಾಂಕಿನಿಂದ ಬಸಿದ ಪೆಟ್ರೋಲನ್ನು ನಿಮ್ಮಪ್ಪ ಡಬ್ಬಗಳಲ್ಲಿ ತುಂಬಿ ನನ್ನ ಉಗ್ರಾಣದಲ್ಲಿಟ್ಟು, ಆ ಕಡೆ ದೀಪ ತರಬೇಡಿ ಅಂತ ಕಾವಲು ಕೂತ. ಇವತ್ತಿಗೂ ನಮ್ಮ ಹುಣಸೆಹಣ್ಣು ಪೆಟ್ರೋಲು ನಾರುತ್ತದೆ. ಗೋಣಿಯ ಬದಲು ಒಳಗೆ ಚರ್ಮ ಹಾಸಲು ತನ್ನ ಸೊಂಟದ ಬೆಲ್ಟನ್ನೇ ಕತ್ತರಿಸಿದ, ಈಗ ಪಂಚೆಗೆ ಗಂಟು ಹಾಕಿಕೊಂಡು ತಿರುಗುತ್ತಿದ್ದಾನೆ. ಪಟ್ಟಿಗೆ ಬಳಿದ ಬಣ್ಣ ಆಷಾಢದ ತೇವಕ್ಕೆ ಒಣಗಲೇ ಇಲ್ಲ. ಎರಡನ್ನೂ ತಂದು ಅಡಿಗೆ ಒಲೆಯ ಮೇಲೆ ಹಲಸಿನ ಬೀಜದ ಪಕ್ಕದಲ್ಲಿ ನೇತುಹಾಕಿದ, ನಾನು ಬೈದೆ, ಆದರೆ ತೆಗೆಸಲಿಲ್ಲ.

ಬಸ್ಸಿನಲ್ಲಿ ಕರೆತರಬಹುದಿತ್ತಲ್ಲ ಅಂತ ನೀನು ಕೇಳಬಹುದು. ನಾನೂ ಕೇಳಿದೆ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ಏರು ಬಂದ ಕಡೆ ಗಂಡಸರೆಲ್ಲ ಇಳಿದು ನೂಕಬೇಕು, ಒಳಗೆ ಕೂತ ಹೆಂಗಸರು ಹೊಗೆ ಕುಡಿಯಬೇಕು, ಅದು ಬೇಡ ಅಂದ. ನಾನು ಒತ್ತಾಯ ಮಾಡಲಿಲ್ಲ, ಯಾಕೆಂದರೆ ಸಮಯ ಇದೆ ಅಂತಲೇ ನಾವು ತಿಳಿದಿದ್ದೆವು. ಇಲ್ಲೇ ನೋಡು ನಾವು ಕೆಟ್ಟದ್ದು. ಈ ವರ್ಷ ಜ್ಯೇಷ್ಠ ಎರಡು ಸಲ ಬಂತು, ಒಂದು ಅಧಿಕ, ಒಂದು ನಿಜ. ಮಾಘದಿಂದ ಎಣಿಸುತ್ತಾ ಬಂದ ನಿಮ್ಮಪ್ಪ, “ಅಧಿಕದಲ್ಲಿ ಮದುವೆ ಇಲ್ಲ, ಮನೆ ಒಕ್ಕಲಿಲ್ಲ, ಅದು ಲೆಕ್ಕಕ್ಕಿಲ್ಲದ ತಿಂಗಳು ಕಣವ್ವ. ಆಷಾಢಕ್ಕೆ ಆರು, ಶ್ರಾವಣಕ್ಕೆ ಏಳು” ಅಂದ. ನಾನೂ ಹೂಂ ಅಂದೆ. ಹೊತ್ತು ಹೆತ್ತವಳು, ನನಗಾದರೂ ಹೊಳೆಯಬೇಡವೇ? ಹೊಟ್ಟೆಯಲ್ಲಿರುವ ಕೂಸಿಗೆ ಅಧಿಕ ಯಾವುದು, ನಿಜ ಯಾವುದು? ಅದು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು, ನಾವು ಇಲ್ಲಿ ಪಂಚಾಂಗ ಹಿಡಿದುಕೊಂಡು ಪಟ್ಟಿಗೆ ಬಣ್ಣ ಒಣಗಿಸುತ್ತಿದ್ದೆವು. ನಿಮ್ಮಮ್ಮ ನೀನು ಚಿಕ್ಕವಳಿದ್ದಾಗಲೇ ತೀರಿಹೋದಳು. ಅವಳಿದ್ದಿದ್ದರೆ ಬೆರಳು ಮಡಿಚಿ ಸರಿಯಾಗಿ ಎಣಿಸುತ್ತಿದ್ದಳು. ನೀನಾದರೂ ಒಂದು ಸಾಲು ಬರೆಯಬಾರದಿತ್ತೇ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಕರೆಯಲು ಬನ್ನಿ ಅಂತ ಹೆಣ್ಣು ತಾನಾಗಿ ತವರಿಗೆ ಬರೆಯುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು, ನಾನೂ ಬರೆದವಳಲ್ಲ. ಮೊನ್ನೆ ವಿಷಯ ಕೇಳಿದ ಫಜಲುಲ್ಲಾ, “ನಮ್ಮಲ್ಲಿ ಅಧಿಕ ಗಿಧಿಕ ಇಲ್ಲ ಅಮ್ಮಾವ್ರೆ, ಚಂದ್ರ ಕಂಡ್ರೆ ತಿಂಗಳು. ನನ್ನನ್ನ ಕೇಳಿದ್ರೆ ಹೇಳ್ತಿದ್ದೆ” ಅಂದ. ಕೇಳದೆಯೇ ಊರಿನ ಸುದ್ದಿಯೆಲ್ಲ ಹೇಳುವವನು, ಇದೊಂದನ್ನು ಮಾತ್ರ ಕೇಳಲಿ ಅಂತ ಕಾದಿದ್ದನಂತೆ!

ಸೋಮವಾರ ಹೊರಡುವಾಗ ನಿಮ್ಮಪ್ಪ ಹಿಂದಿನ ಸೀಟಿಗೆ ನಿನ್ನ ಹಳೇ ಕೌದಿ ಮಡಿಚಿ ಹಾಸಿದ್ದ. ವಾಪಸು ಬಂದಾಗ ಅದು ಮಡಿಕೆ ಕೂಡ ಕೆಡದೆ ಹಾಗೇ ಇತ್ತು. ಕೈಕಾಲು ಕೂಡ ತೊಳೆಯದೆ ಮೋಟಾರಿನ ಅಡಿಗೆ ಹೋಗಿ ಅಂಗಾತ ಮಲಗಿ, ಬಿಗಿಯಾಗಿಯೇ ಇದ್ದ ನಟ್ಟುಗಳನ್ನು ಮತ್ತೆ ಬಿಗಿಯತೊಡಗಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಡಿಯಿಂದಲೇ, “ಅಷ್ಟು ದೂರ ಹೋಗಿ ಬಂದ್ರೂ ಪಟ್ಟಿ ಒಂಚೂರೂ ಅಲ್ಲಾಡಿಲ್ಲ ಕಣವ್ವ” ಅಂದ. ಆ ಪಟ್ಟಿ ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ ಮಗಳೇ. ಸರಪಣಿ ಕಟ್ಟಿಕೊಂಡು ಆಗಲೇ ಬಂದಿದ್ದರೆ ನೀನೀಗ ಇಲ್ಲೇ ನನ್ನ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿದ್ದೆ. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದೆ. ಆ ಬಾಗಿಲು ಹಾಕಿಬಿಟ್ಟಿದ್ದೇನೆ, ನೋಡಲಾಗುವುದಿಲ್ಲ. ಒಂಬತ್ತು ಹಿಡಿದ ಮೇಲೆ ತರೋಣವೇ ಅಂತ ಸೂಲಗಿತ್ತಿ ಪಾಪಮ್ಮನನ್ನು ಕೇಳಿದರೆ, ಆ ರಸ್ತೆಯ ಕುಲುಕಾಟಕ್ಕೆ ದಾರಿಯಲ್ಲೇ ಹೆರಿಗೆಯಾದೀತು, ಬೇಡವೇ ಬೇಡ ಅಂದಳು. ಅಂತೂ ನಿನ್ನ ಚೊಚ್ಚಲ ಬಾಣಂತನ ತವರಿನಲ್ಲಿ ಆಗುವ ಭಾಗ್ಯ ತಪ್ಪಿತು. ತಪ್ಪಿಸಿದವರು ನಾವೇ. ಆದರೆ ಮರೆತು ತಪ್ಪಿಸಲಿಲ್ಲ ಮಗಳೇ, ಇಷ್ಟನ್ನು ನಂಬು.

ನಿಮ್ಮ ಅತ್ತೆಗೆ ನನ್ನ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ, ಕೂಸು ಸುಸೂತ್ರವಾಗಿ ಕೈಗೆ ಬರಲಿ, ಇದನ್ನು ಬಿಟ್ಟು ಈಗ ನಾನು ದೇವರಲ್ಲಿ ಬೇರೇನೂ ಕೇಳುತ್ತಿಲ್ಲ.

ಇಂತು ನಿನ್ನ ಅಜ್ಜಿ
ತಿಮ್ಮಮ್ಮ

ಕಾಗದ ಒಯ್ಯಲು ಬಂದ ಫಜಲುಲ್ಲಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಯಿತು. ಎಂಟರಲ್ಲಿ ಹೊಳೆ ದಾಟಬಾರದು ಅನ್ನುವ ಶಾಸ್ತ್ರ ಬಸುರಿಗೆ, ಮುದುಕಿಗಲ್ಲ. ಬರುವ ಸೋಮವಾರ ನಿಮ್ಮಪ್ಪನ ಜೊತೆ ನಾನೇ ಬರುತ್ತಿದ್ದೇನೆ, ನಿನ್ನ ಬಾಣಂತನ ಮುಗಿಯುವ ತನಕ ಅಲ್ಲೇ ಇರುತ್ತೇನೆ. ಮಗು ಹುಟ್ಟುವ ಮೊದಲು ಹೆಣ್ಣು ಕೊಟ್ಟ ಮನೆಯಲ್ಲಿ ನಾವು ಉಣ್ಣುವಂತಿಲ್ಲವಲ್ಲ, ಅದಕ್ಕೆ ಅಕ್ಕಿ, ಬೇಳೆ, ಪಾತ್ರೆ ಎಲ್ಲ ಕಟ್ಟಿಕೊಂಡಿದ್ದೇನೆ. ನಿಮ್ಮ ಹಿತ್ತಲಲ್ಲಿ ಒಲೆಗೆ ಮೂರು ಕಲ್ಲು ಹೂಡಲು ಜಾಗ ನೋಡಿಡು. ಅತ್ತೆಗೆ ಮೊದಲೇ ಹೇಳಬೇಡ, ಬೇಡ ಅಂದರೂ ಅಂದಾರು. ಟ್ಯಾಂಕಿನಲ್ಲಿ ಪೆಟ್ರೋಲು ಹೋಗುವಷ್ಟಿದೆ, ಬರುವಷ್ಟಿಲ್ಲ ಅಂತ ನಿಮ್ಮಪ್ಪ ತಲೆ ಕೆರೆದುಕೊಂಡ. ಬರುವುದು ಯಾರಿಗೆ ಬೇಕಾಗಿದೆಯೋ, ನಡಿ ಅಂದೆ.